ಪೆಡಲ್ ಅವನ ಹತ್ತಿರ, ಅಡಾಪ್ಟರ್ ನನ್ನ ಹತ್ತಿರ: 19 ವರ್ಷದ ನಂತರ ಬ್ಯಾಂಡ್ ಮತ್ತೆ ಕೂಡಿಸಬಹುದಾ?

ಮೂರನೇ ಗೇಟ್ | ಬೆಳಗಾವಿ | ಶನಿವಾರ ರಾತ್ರಿ 10:15

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

2001ರಲ್ಲಿ ಬೆಳಗಾವಿಯಲ್ಲಿ ನಾವು ಐದು ಜನ ಸೇರಿ ಒಂದು ರಾಕ್ ಬ್ಯಾಂಡ್ ಮಾಡಿದ್ದೆವು. ಹೆಸರು ಹೇಳುವುದಿಲ್ಲ. ಆ ಕಾಲಕ್ಕೆ ತಿಲಕವಾಡಿಯ ಗಣಪತಿ ಪೆಂಡಾಲ್ ಮುಂದೆ ನಿಂತವರಿಗೆ ಗೊತ್ತಾಗಬಹುದು, ಗೊತ್ತಾದರೆ ಸುಮ್ನೆ ನಕ್ಕು ಮುಂದೆ ಹೋಗಿ. ನಾನು ಬೇಸ್ ಗಿಟಾರ್. ಅಂದರೆ ಫೋಟೋದಲ್ಲಿ ಅರ್ಧ ಕಟ್ ಆಗುವವನು.

ಡ್ರಮ್ಮರ್‌ನ ಅಪ್ಪನಿಗೆ ರವಿವಾರ ಪೇಟೆಯಲ್ಲಿ ಬೆಲ್ಲದ ಗೋದಾಮು ಇತ್ತು. ಸಂಜೆ ಏಳಕ್ಕೆ ಹಮಾಲರು ಮನೆಗೆ ಹೋದ ಮೇಲೆ ಅದು ನಮ್ಮದು. ಸುತ್ತ ಬೆಲ್ಲದ ಪೆಂಟಿಗಳ ಗೋಡೆ, ಅದರ ಮೇಲೆ ಖಾಲಿ ಗೋಣಿಚೀಲ. ಈಗ ಜನ ಸಾವಿರಾರು ರೂಪಾಯಿ ಕೊಟ್ಟು ಗೋಡೆಗೆ ಫೋಮ್ ಅಂಟಿಸುತ್ತಾರೆ, ನಮಗೆ ಅದು ಪುಕ್ಕಟೆ. ಮಾಲು ತುಂಬಿದಾಗ ಡ್ರಮ್ ಸದ್ದು ಗಿಡ್ಡವಾಗಿ, ಬಿಗಿಯಾಗಿ ಬರುತ್ತಿತ್ತು. ಮಾಲು ಖಾಲಿಯಾದ ತಿಂಗಳಲ್ಲಿ ಅದೇ ಡ್ರಮ್ ಬಾವಿಯೊಳಗೆ ಬಾರಿಸಿದ ಹಾಗೆ. ಬೆಲ್ಲದ ರೇಟು ಏರಿದರೆ ನಮ್ಮ ಸೌಂಡ್ ಕೆಡುತ್ತದೆ ಅಂತ ನಗುತ್ತಿದ್ದೆವು. ಇರುವೆ ಮಾತ್ರ ಸಾಕಾಗಿತ್ತು. ಆಂಪ್ಲಿಫೈಯರ್ ಬೆಚ್ಚಗಿರುತ್ತದಲ್ಲ, ಅದರ ಹಿಂದೆ ಸಾಲುಗಟ್ಟಿ ಹೋಗುತ್ತಿದ್ದವು. ಪ್ರಾಕ್ಟೀಸ್‌ಗೆ ಮೊದಲು ಅದನ್ನು ಎರಡು ಸಲ ತಟ್ಟುವುದು ನನ್ನ ಕೆಲಸ.

ಶುರುವಿಗೆ ಇಂಗ್ಲಿಷ್ ಹಾಡು, ಆಮೇಲೆ ಹಿಂದಿ, ಊರಿನ ರೂಢಿಯಂತೆ ಒಂದೆರಡು ಮರಾಠಿ. ಒಂದು ವರ್ಷ ಗಣಪತಿ ಹಬ್ಬದಲ್ಲಿ ಮುಂದೆ ಕೂತಿದ್ದ ಅಜ್ಜ ಒಬ್ಬರು, "ಏ ತಮ್ಮಾ, ನಮಗ ತಿಳಿಯೂದು ಏನರೆ ಹಾಡ್ರೆಪಾ" ಅಂದರು. ನಮ್ಮ ಹಾಡುಗಾರನ ಅಜ್ಜಿ ಬೈಲಹೊಂಗಲದ ಕಡೆಯವರು, ಭಜನೆ ಮನೆತನ. ಅವನು ನಮ್ಮನ್ನು ಕೇಳಲೂ ಇಲ್ಲ, ಶಿಶುನಾಳ ಷರೀಫಜ್ಜನ ಒಂದು ತತ್ವಪದ ಎತ್ತಿಕೊಂಡ. ಕರಿ ಎರಡರಲ್ಲಿ (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ), ಭಜನೆ ಧಾಟಿಯಲ್ಲಿ. ನಮಗೆ ಯಾರಿಗೂ ಆ ಪದ ಗೊತ್ತಿಲ್ಲ. ಗಿಟಾರಿನವನು ಎರಡು ಸಾಲು ಕೇಳಿದ, ಗಿಟಾರಿನ ಸದ್ದು ಬದಲಿಸುವ ಪೆಡಲ್ ಕಾಲಲ್ಲಿ ಒತ್ತಿದ, ಮೂರೇ ಸ್ವರದ ಒಂದು ತುಣುಕು ಹಾಕಿದ. ಡ್ರಮ್ಮರ್ ಭಜನೆಯ ತಾಳ ಹಿಡಿದ. ಅಜ್ಜ ಎದ್ದು ನಿಂತರು. ಅಲ್ಲಿಯವರೆಗೆ ನಾವು ಬೇರೆಯವರ ಹಾಡು ಬಾರಿಸುವ ಹುಡುಗರು, ಅಷ್ಟೇ.

ಮುಂದಿನ ಮೂರು ವರ್ಷ ಚೆನ್ನಾಗಿತ್ತು. ಹುಬ್ಬಳ್ಳಿ, ಧಾರವಾಡದ ಕಾಲೇಜು ಫೆಸ್ಟ್‌ಗಳು. ಚೋರ್ಲಾ ಘಾಟ್ ಇಳಿದು ಗೋವಾದಲ್ಲಿ ಒಂದು ಸೀಜನ್. 2004ರಲ್ಲಿ ನಾಲ್ಕು ಹಾಡಿನ ಸಿಡಿ: ಎರಡು ಷರೀಫರ ಪದ, ಎರಡು ನಮ್ಮವೇ. 500 ಕಾಪಿ ಹಾಕಿಸಿದೆವು, ಒಂದಕ್ಕೆ 40 ರೂಪಾಯಿ. ಇನ್ನೂರರ ಹತ್ತಿರ ನಮ್ಮ ಮನೆ ಅಟ್ಟದ ಮೇಲೆ ಈಗಲೂ ಇವೆ, ಯಾರಿಗಾದರೂ ಬೇಕಾ?

ಕೆಟ್ಟಿದ್ದು ಆ ಸಿಡಿಯಿಂದಲೇ. ಕವರ್ ಪ್ರಿಂಟ್ ಆಗಿ ಬಂದಾಗ "ಸಾಹಿತ್ಯ, ಸಂಗೀತ" ಅಂತ ಹಾಡುಗಾರನ ಹೆಸರೊಂದೇ ಇತ್ತು. ಗಿಟಾರಿನವನು ಅದನ್ನು ಓದಿದ, ಕವರ್ ತಿರುವಿ ಹಿಂದೆ ನೋಡಿದ, ಮತ್ತೆ ಡಬ್ಬದೊಳಗಿಟ್ಟ. ಒಂದೂ ಮಾತಾಡಲಿಲ್ಲ. ಎರಡು ವರ್ಷ ಮಾತಾಡಲಿಲ್ಲ.

2006ರಲ್ಲಿ ಬಾಗಲಕೋಟೆ ಕಡೆ ಒಂದು ಕಾರ್ಯಕ್ರಮ. 15,000 ಅಂದವರು ಕೊನೆಗೆ 9,000 ಕೈಗಿಟ್ಟರು. ವಾಪಸ್ ಬರುವಾಗ ರಾತ್ರಿ ಎರಡಕ್ಕೆ ಯರಗಟ್ಟಿ ಹತ್ತಿರ ಢಾಬಾದಲ್ಲಿ ಟೆಂಪೋ ಬಾಡಿಗೆ ಹಂಚಿಕೆ ಶುರುವಾಯಿತು. ಡ್ರಮ್ಮರ್ ಅಂದ, "ಐದು ವರ್ಷ ನಮ್ಮಪ್ಪನ ಗೋದಾಮಿಗೆ ಬಾಡಿಗಿ ಕೇಳಿಲ್ಲ ನಾನು, ಟೆಂಪೋಕ್ಕ ನಾ ಯಾಕ ಕೊಡ್ಲಿ?" ಹಾಡುಗಾರ, "ನಿಮ್ಮಪ್ಪನ ಗೋದಾಮಿಗೆ ಜನಾ ಬರ್ತಾರೇನು, ನನ್ನ ಹಾಡಿಗೆ ಬರ್ತಾರ" ಅಂದುಬಿಟ್ಟ. "ನನ್ನ ಹಾಡು" ಅನ್ನುವ ಮಾತು ಕೇಳಿದ್ದೇ ಗಿಟಾರಿನವನ ಎರಡು ವರ್ಷದ್ದು ಹೊರಗೆ ಬಂತು. ಡ್ರಮ್ಮರ್ ತನ್ನ ಸಿಂಬಲ್‌ಗಳನ್ನು, ಅಂದರೆ ಡ್ರಮ್ ಜೊತೆ ಬಾರಿಸುವ ಲೋಹದ ತಟ್ಟೆಗಳನ್ನು, ಚಾದರದಲ್ಲಿ ಸುತ್ತಿಕೊಂಡು ಟೆಂಪೋದಿಂದ ಇಳಿದ. ಐದು ಗಂಟೆಯ ಬಸ್ಸಿಗೆ ಬರುತ್ತೇನೆ ಅಂದ. ನಾವು ಅವನನ್ನು ಅಲ್ಲೇ ಬಿಟ್ಟು ಬಂದೆವು. ನಾನು ಕಿಟಕಿ ಪಕ್ಕ ಕೂತಿದ್ದೆ. "ಹತ್ತೋ" ಅಂತ ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ.

ಗಿಟಾರಿನವನ ಪ್ರೊಸೆಸರ್ ಪೆಡಲ್ ಅವನ ಜೊತೆ ಹೋಯಿತು. ಅದರ ಅಡಾಪ್ಟರ್ ನನ್ನ ಬ್ಯಾಗಿನಲ್ಲಿ ಉಳಿಯಿತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಈಗ ವಿಷಯ. ಹೋದ ತಿಂಗಳು ಒಂದು ಮದುವೆಯಲ್ಲಿ ಹಾಡುಗಾರ ಸಿಕ್ಕ. "ಒಮ್ಮೆ ಕೂಡೂಣೇನಲೇ" ಅಂದ. ಪುಣೆಯಲ್ಲಿರುವ ಗಿಟಾರಿನವನು ಹೂಂ ಅಂದಿದ್ದಾನೆ, ಬೆಂಗಳೂರಿನ ಕೀಬೋರ್ಡಿನವನೂ ಹೂಂ. ಡ್ರಮ್ಮರ್‌ಗೆ ನಾನೇ ಮೆಸೇಜ್ ಹಾಕಿದೆ. ಬಂದ ಉತ್ತರ ಇಷ್ಟೇ: "ಗೋದಾಮು ಖಾಲಿ ಐತಿ. ಚಾವಿ ಬೇಕಂದ್ರ ಒಯ್ರಿ."

ಬರುತ್ತೇನೆ ಅಂತಲೂ ಇಲ್ಲ, ಬರಲ್ಲ ಅಂತಲೂ ಇಲ್ಲ. ಏನು ಮಾಡಲಿ?

ಗುಮ್ಮಟದ ಪ್ರತಿಧ್ವನಿ | ವಿಜಯಪುರ | ರಾತ್ರಿ 10:52

ದೋಸ್ತ, ಬೇಡ.

ಒಡೆದ ಬ್ಯಾಂಡ್ ಕೂಡುವುದು ದುಡ್ಡಿಗೆ. ಇಂಗ್ಲೆಂಡಿನ ಓಯಸಿಸ್ ಬ್ಯಾಂಡ್ ನೋಡಿ. 2009ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಷೋಗೆ ಮೊದಲು ಅಣ್ಣತಮ್ಮ ಜಗಳ ಆಡಿ ಬ್ಯಾಂಡ್ ಮುಗಿಯಿತು. 15 ವರ್ಷ ಒಬ್ಬರನ್ನೊಬ್ಬರು ಬೈದುಕೊಂಡೇ ಕಳೆದರು. 2024ರಲ್ಲಿ ಕೂಡಿದೆವು ಅಂತ ಘೋಷಿಸಿದರು, 2025ರ ಜುಲೈ 4ಕ್ಕೆ ಕಾರ್ಡಿಫ್‌ನಲ್ಲಿ ಕೈಕೈ ಹಿಡಿದುಕೊಂಡು ಸ್ಟೇಜಿಗೆ ಬಂದರು. ಜನ ಅತ್ತರು. ಹಾಡಿದ್ದೆಲ್ಲ ಹಳೇ ಹಾಡೇ. ಅವರಿಗೆ ಸ್ಟೇಡಿಯಂ ತುಂಬುತ್ತದೆ. ನಿಮಗೆ ಗೋದಾಮೂ ತುಂಬುವುದಿಲ್ಲ, ಈಗ ಬೆಲ್ಲವೂ ಇಲ್ಲ.

ಮರ್ಯಾದೆಯ ದಾರಿ ಬೇಕಾದರೆ ಇಂಗ್ಲೆಂಡಿನದೇ ಇನ್ನೊಂದು ಬ್ಯಾಂಡ್ ಲೆಡ್ ಜೆಪ್ಪೆಲಿನ್ ಮಾಡಿದ ಹಾಗೆ ಮಾಡಿ. 1980ರಲ್ಲಿ ಡ್ರಮ್ಮರ್ ತೀರಿಹೋದ ಮೇಲೆ ಬ್ಯಾಂಡ್ ನಿಲ್ಲಿಸಿದರು. 2007ರ ಡಿಸೆಂಬರ್ 10ಕ್ಕೆ ಲಂಡನ್‌ನಲ್ಲಿ ಅವನ ಮಗನನ್ನೇ ಡ್ರಮ್ಮಿಗೆ ಕೂರಿಸಿ ಒಂದೇ ಒಂದು ಪೂರ್ತಿ ಷೋ ಮಾಡಿದರು. ಟೂರ್ ಮಾಡಿ ಅಂತ ಜಗತ್ತೇ ಬೆನ್ನು ಹತ್ತಿತ್ತು. ಮಾಡಲಿಲ್ಲ.

ನಮ್ಮೂರ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ. ಏಳನೆಯದನ್ನು ಕೇಳಿದ್ದೀರಾ? ಅದಕ್ಕೆ ಕಿವಿಗಿಂತ ನಂಬಿಕೆ ಜಾಸ್ತಿ ಬೇಕು.

ಕ್ಯಾಂಪ್ ಕೀಬೋರ್ಡ್ | ಬೆಳಗಾವಿ | ರಾತ್ರಿ 11:20

ಗುಮ್ಮಟದವರೇ, ನೀವು ಲಂಡನ್‌ನಿಂದ ಇಳಿದು ಸ್ವಲ್ಪ ಇಲ್ಲೇ ಹತ್ತಿರ ನೋಡಿ. ಮುಂಬೈನ ರಾಕ್ ಬ್ಯಾಂಡ್ ಇಂಡಸ್ ಕ್ರೀಡ್. 1984ರಲ್ಲಿ ರಾಕ್ ಮಷೀನ್ ಅಂತ ಶುರುವಾಗಿದ್ದು, 1993ರಲ್ಲಿ ಹೆಸರು ಬದಲಿಸಿದರು, 1997ರಲ್ಲಿ ಒಡೆಯಿತು. 2010ರಲ್ಲಿ ಮತ್ತೆ ಕೂಡಿ, ಹಳೇ ಹಾಡು ಹಾಡಿ ಮನೆಗೆ ಹೋಗಲಿಲ್ಲ. 2012ರಲ್ಲಿ ಪೂರ್ತಿ ಹೊಸ ಆಲ್ಬಮ್ ತಂದರು. ಹಳೆಯವರು ಎಲ್ಲರೂ ಇರಲಿಲ್ಲ, ಹೊಸ ಹುಡುಗರನ್ನು ಸೇರಿಸಿಕೊಂಡರು. ಕೂಡಿದ್ದಕ್ಕೆ ಏನಾದರೂ ಅರ್ಥ ಬಂದರೆ ಹಾಗೆ ಬರುತ್ತದೆ.

ಇನ್ನೊಂದು ನಿಮ್ಮ ಕಥೆಗೆ ಜಾಸ್ತಿ ಹತ್ತಿರ. ಕೋಲ್ಕತ್ತಾದ ಬ್ಯಾಂಡ್ ಮೊಹೀನೇರ್ ಘೋಡಾಗುಲಿ. 1975ರಲ್ಲೇ ಬಂಗಾಳಿಯಲ್ಲಿ, ಅಲ್ಲಿನ ಬಾವುಲ್ ಜನಪದ ಧಾಟಿಯನ್ನೂ ಗಿಟಾರನ್ನೂ ಕೂಡಿಸಿ ಹಾಡಿದವರು. ಆಗ ಜನಕ್ಕೆ ಹಿಡಿಸಲಿಲ್ಲ. ಮೂರು ಚಿಕ್ಕ ರೆಕಾರ್ಡ್ ತಂದು 1981ರ ಹೊತ್ತಿಗೆ ಚದುರಿಹೋದರು. 1995ರಲ್ಲಿ ಕೋಲ್ಕತ್ತಾ ಪುಸ್ತಕ ಮೇಳದಲ್ಲಿ ಅವರ ಹೆಸರಲ್ಲಿ ಹೊಸ ಕ್ಯಾಸೆಟ್ ಬಂತು. ಅದರಲ್ಲಿ ಹಾಡಿದವರು ಬಹಳಷ್ಟು ಕಾಲೇಜು ವಯಸ್ಸಿನವರು. ಆಮೇಲೆ ಊರಿಗೆ ಊರೇ ಹಾಡಿತು. ಬ್ಯಾಂಡ್ ಕೂಡಲಿಲ್ಲ, ಹಾಡು ಕೂಡಿತು ಅನ್ನಬಹುದು.

ಒಂದು ಅಡ್ಡಮಾತು. ನಾನೂ ಅದೇ ಕಾಲದವಳು. ಕ್ಯಾಂಪ್‌ನ ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಿದ್ದೆ, ಕೈ ಚೆನ್ನಾಗಿತ್ತು. ನಿಮ್ಮ ಪ್ರಾಕ್ಟೀಸ್ ಸಂಜೆ ಏಳಕ್ಕೆ ಶುರು ಅಂದಿರಿ. ನಮ್ಮ ಮನೆಯಲ್ಲಿ ಏಳಕ್ಕೆ ಒಳಗಿರಬೇಕಿತ್ತು. ಆ ಕಾಲದ ಬ್ಯಾಂಡ್‌ಗಳಲ್ಲಿ ಹುಡುಗಿಯರು ಯಾಕೆ ಇರಲಿಲ್ಲ ಅಂತ ಈಗ ಟಿವಿಯಲ್ಲಿ ಚರ್ಚೆ ಮಾಡುತ್ತಾರೆ. ಗಡಿಯಾರ ನೋಡಿದ್ದರೆ ಸಾಕಿತ್ತು.

ಮತ್ತೆ ಆ ಪೆಡಲ್ ಯಾವುದು? ಈಗ ಕೆಲಸ ಮಾಡುತ್ತದಾ?

ಮೂರನೇ ಗೇಟ್ | ರಾತ್ರಿ 11:41

ಜೂಮ್ 505. ಆಗ ನಮ್ಮ ಕಡೆ ಗಿಟಾರ್ ಹಿಡಿದ ಅರ್ಧ ಹುಡುಗರ ಕಾಲಡಿ ಅದೇ ಇರುತ್ತಿತ್ತು. ಹಾಡುಗಾರ ಹೇಳಿದ ಪ್ರಕಾರ ಈಗ ಸತ್ತಿದೆ. ಪುಣೆಗೆ ಹೋದ ವರ್ಷ ಗಿಟಾರಿನವನು ಯಾವುದೋ 9 ವೋಲ್ಟ್ ಅಡಾಪ್ಟರ್ ತಂದು ಚುಚ್ಚಿದನಂತೆ, ದೀಪ ಒಮ್ಮೆ ಹೊತ್ತಿ ಆರಿತಂತೆ. ಬಿಸಾಕಿಲ್ಲ, ಇಟ್ಟುಕೊಂಡಿದ್ದಾನಂತೆ. ಈ ಸಾವಿನಲ್ಲಿ ನನ್ನ ಪಾಲೂ ಇದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಕ್ಯಾಂಪ್ ಕೀಬೋರ್ಡ್ | ರಾತ್ರಿ 11:50

ಅಂದುಕೊಂಡೆ. ಮನೆಯಲ್ಲಿ ಸಿಗುವ ಅಡಾಪ್ಟರ್‌ಗಳು ಸಾಮಾನ್ಯವಾಗಿ ಒಳಗೆ ಪ್ಲಸ್, ಹೊರಗೆ ಮೈನಸ್. ಗಿಟಾರ್ ಪೆಡಲ್‌ಗೆ ಉಲ್ಟಾ ಬೇಕು, ಒಳಗೆ ಮೈನಸ್. ಪಿನ್ ಸರಿಯಾಗಿ ಕೂರುತ್ತದೆ, 9 ಅಂತಲೇ ಬರೆದಿರುತ್ತದೆ, ಚುಚ್ಚಿದರೆ ಪೆಡಲ್ ಹೋಗುತ್ತದೆ. ಆದರೆ ಎಷ್ಟೋ ಪೆಡಲ್‌ಗಳಲ್ಲಿ ಬಾಗಿಲಲ್ಲೇ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಚಿಕ್ಕ ಬಿಡಿಭಾಗ) ಕಾವಲಿಗೆ ಇರುತ್ತದೆ, ಉಲ್ಟಾ ಕರೆಂಟ್ ಬಂದರೆ ಮೊದಲು ಅದು ಸಾಯುತ್ತದೆ. ಅದನ್ನು ಬದಲಿಸಿದರೆ ಉಳಿದದ್ದು ಬದುಕಬಹುದು. ಡಯೋಡ್ ಬೆಲೆ ಒಂದು ಚಹಾಕ್ಕಿಂತ ಕಮ್ಮಿ. ಹಳೇ ರೇಡಿಯೋ ರಿಪೇರಿ ಮಾಡುವವರ ಹತ್ತಿರ ಒಯ್ಯಲು ಹೇಳಿ.

ಕೆರೂರ ಕಾಕಾ | ಬಾಗಲಕೋಟೆ ಜಿಲ್ಲೆ | ಭಾನುವಾರ ಬೆಳಗ್ಗೆ 6:05

ತಮ್ಮಾ, ಈ ರಾಕು ಪಾಕು ನನಗೆ ತಿಳಿಯುವುದಿಲ್ಲ. ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ಒಡೆಯುವುದು ಕೂಡುವುದು ನನಗೆ ಚಲೋ ಗೊತ್ತು. ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವನು, ಆಗಿದ್ದವನು ನಾನು.

ಪುಷ್ಯ ಮಾಸದಲ್ಲಿ ಬಾದಾಮಿ ಬನಶಂಕರಿ ಜಾತ್ರೆಗೆ ಬಂದು ನೋಡು. ಒಂದರ ಪಕ್ಕ ಒಂದು ಕಂಪನಿ ಟೆಂಟು, ತಿಂಗಳುಗಟ್ಟಲೆ ನಾಟಕ. ಈ ವರ್ಷ ಈ ಟೆಂಟಿನಲ್ಲಿ ನಗಿಸಿದವನು ಮುಂದಿನ ವರ್ಷ ಪಕ್ಕದ ಟೆಂಟಿನಲ್ಲಿ. ಮುಂಗಡ ಜಾಸ್ತಿ ಕೊಟ್ಟರೆ ಹೋದ, ಮಾಲೀಕನ ಜೊತೆ ಜಗಳವಾದರೆ ಹೋದ, ಊಟದಲ್ಲಿ ಪಲ್ಲೆ ಕಮ್ಮಿಯಾದರೂ ಹೋದ. ಎರಡು ವರ್ಷದ ಮೇಲೆ ಅದೇ ಮನುಷ್ಯ ಅದೇ ಟ್ರಂಕು ಹಿಡಿದು ವಾಪಸ್. ಯಾರೂ ಏನೂ ಕೇಳುತ್ತಿರಲಿಲ್ಲ. "ಬಂದ್ಯಾ? ಬಣ್ಣಾ ಹಚ್ಚಿಕೋ." ಅಷ್ಟೇ. ನೀವು ಕಲಿತ ಹುಡುಗರು ಒಮ್ಮೆ ಬಿಟ್ಟರೆ 19 ವರ್ಷ ಬೇಕು.

ನನ್ನದೇ ಒಂದು ಹೇಳುತ್ತೇನೆ. ನಮ್ಮ ಕಂಪನಿಯ ತಬಲಾದವನಿಗೂ ನನಗೂ ಮಾತು ಬಿಟ್ಟಿತ್ತು. ಕಾರಣ ಈಗ ನೆನಪಿಲ್ಲ, ಆಗ ಬಹಳ ದೊಡ್ಡದಿತ್ತು. ಎರಡು ವರ್ಷ ದಿನಾ ರಾತ್ರಿ ಮಗ್ಗುಲಲ್ಲೇ ಕೂತು ಬಾರಿಸಿದ್ದೇವೆ, ಒಂದು ಮಾತಿಲ್ಲ. ಹೇಳಬೇಕಾದ್ದನ್ನು, ಪರದೆ ಹಿಂದೆ ನಿಂತು ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್‌ಗೆ ಹೇಳುವುದು, ಅವನು ಆ ಕಡೆ ಹೇಳುವುದು. ಒಂದು ಮಳೆಗಾಲದ ಕ್ಯಾಂಪು. ಟೆಂಟು ಸೋರುತ್ತಿದೆ, ತಬಲಾದ ಚರ್ಮ ತಂಪು ಹಿಡಿದು ಇಳಿದುಬಿಟ್ಟಿದೆ. ಅವನು ಸುತ್ತಿಗೆಯಲ್ಲಿ ಬಡಿದೇ ಬಡಿದ, ಕರಿ ಎರಡಕ್ಕೆ ಏರಲೇ ಒಲ್ಲದು. ಪರದೆ ಏಳುವ ಹೊತ್ತು. ಅವನ ಮುಖ ನೋಡಿದೆ. ನಾನು ಬಿಳಿ ಎರಡರಲ್ಲಿ ಪೇಟಿ ಹಿಡಿದೆ. ಅರ್ಧ ಮನೆ ಕೆಳಗೆ. ಹಾಡುವ ಹೆಣ್ಣುಮಗಳು ಗಾಬರಿಯಾಗಿ ತಿರುಗಿ ನೋಡಿದಳು, ನಾನು ಹಾಡು ಅಂತ ಕಣ್ಣು ಮಾಡಿದೆ. ನಾಟಕ ಮುಗಿದ ಮೇಲೆ ತಬಲಾದವನು ನನ್ನ ಮುಂದೆ ಚಹಾದ ಕಪ್ಪು ಇಟ್ಟು ಹೋದ. ಮರುದಿನದಿಂದ ಪ್ರಾಂಪ್ಟರ್‌ಗೆ ಕೆಲಸ ಕಮ್ಮಿಯಾಯಿತು.

ಇನ್ನು ಆ ಕವರಿನ ಜಗಳ. ತತ್ವಪದದ ಕೊನೆಗೆ ಏನಿರುತ್ತದೆ? ಅಂಕಿತ. "ಶಿಶುನಾಳಧೀಶ" ಅಂತ ಹಾಡಿನೊಳಗೇ ರುಜು ಹಾಕಿ ಹೋಗಿದ್ದಾನೆ ಷರೀಫಜ್ಜ. ಅದನ್ನು ಬಾಯಲ್ಲಿ ಹಾಡಿ, ಕವರಿನ ಮೇಲೆ ಸಾಹಿತ್ಯ ಅಂತ ತನ್ನ ಹೆಸರು ಹಾಕಿಕೊಂಡನೇನು ನಿಮ್ಮ ಗೆಳೆಯ? ಅವನ ಅಜ್ಜಿ ನೋಡಿದ್ದರೆ ಕಿವಿ ಹಿಂಡುತ್ತಿದ್ದಳು.

ಕೋರ್ಟ್ ಕಟ್ಟೆ | ಬೆಳಗಾವಿ | ಬೆಳಗ್ಗೆ 9:30

ಕಾಕಾ ಹೇಳಿದ್ದೇ ಕಾನೂನಿನ ಮಾತೂ ಹೌದು. ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೂಡುವ ಮೊದಲು ಇದು ಕಾಗದದ ಮೇಲೆ ಬರಬೇಕು.

1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡಿನ ಸಾಹಿತ್ಯ ಬೇರೆ, ಸ್ವರ ಸಂಯೋಜನೆ ಬೇರೆ, ರೆಕಾರ್ಡಿಂಗ್ ಬೇರೆ. ಮೂರಕ್ಕೂ ಮೂರು ಬೇರೆ ಮಾಲೀಕರು ಇರಬಹುದು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರು ತೀರಿದ ಮೇಲೆ 60 ವರ್ಷ ಇರುತ್ತದೆ. ಷರೀಫರು ತೀರಿದ್ದು 1889ರಲ್ಲಿ. ಹಾಗಾಗಿ ಆ ಪದಗಳನ್ನು ಯಾರು ಬೇಕಾದರೂ ಹಾಡಬಹುದು, ನನ್ನದು ಅಂತ ಯಾರೂ ಹೇಳುವಂತಿಲ್ಲ. ಭಜನೆಯ ಹಳೇ ಧಾಟಿಯೂ ಹಾಗೇ. ಗಿಟಾರಿನವನು ಹೊಸದಾಗಿ ಕಟ್ಟಿದ ಆ ಮೂರು ಸ್ವರದ ತುಣುಕು ಮಾತ್ರ ಅವನ ಕೆಲಸ. ಹಾಡುಗಾರ ತನ್ನದು ಅಂತ ಹಾಕಿಕೊಂಡ ಸಾಲಿನಲ್ಲಿ ಸಾಹಿತ್ಯ ಷರೀಫರದ್ದು, ಧಾಟಿ ಅಜ್ಜಿಯ ಭಜನೆಯದ್ದು, ಹೊಸ ಸಂಗೀತ ಗಿಟಾರಿನವನದ್ದು. ಅವನದೇ ಅನ್ನುವುದು ಉಳಿದ ಎರಡು ಹಾಡಿನಲ್ಲಿ ಏನಾದರೂ ಸಿಕ್ಕರೆ ಪುಣ್ಯ.

ಈಗ ಆ ಹಾಡು ಆನ್‌ಲೈನ್‌ಗೆ ಹಾಕಿದರೆ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಅಲ್ಲಿ ಫಾರ್ಮ್ ತುಂಬುವಾಗ ಸಾಹಿತ್ಯ ಯಾರದು, ಸಂಗೀತ ಯಾರದು ಅಂತ ಕೇಳುತ್ತಾರೆ. 2012ರ ತಿದ್ದುಪಡಿ ಆದ ಮೇಲೆ ಬರೆದವರ, ಸಂಯೋಜಿಸಿದವರ ರಾಯಲ್ಟಿ ಹಕ್ಕು ಗಟ್ಟಿಯಾಗಿದೆ. ಅದಕ್ಕೇ ಐದು ಜನ ಕೂತು ಒಂದು ಹಾಳೆಯಲ್ಲಿ ಯಾರ ಪಾಲು ಎಷ್ಟು ಅಂತ ಬರೆದು ಸಹಿ ಹಾಕಿ. ಬ್ಯಾಂಡಿನ ಹೆಸರು ಯಾರದು ಅನ್ನುವುದನ್ನೂ ಬರೆಯಿರಿ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಬ್ಯಾಂಡಿನಿಂದ 1985ರಲ್ಲಿ ಹೊರಗೆ ಬಂದ ರೋಜರ್ ವಾಟರ್ಸ್, ಉಳಿದವರು ಆ ಹೆಸರು ಬಳಸಬಾರದು ಅಂತ 1986ರಲ್ಲಿ ಕೋರ್ಟ್ ಹತ್ತಿದ. ಹೆಸರು ಉಳಿದವರ ಹತ್ತಿರವೇ ಉಳಿಯಿತು. 2005ರ ಜುಲೈ 2ಕ್ಕೆ ಲಂಡನ್‌ನ ಹೈಡ್ ಪಾರ್ಕ್‌ನಲ್ಲಿ ನಾಲ್ಕೂ ಜನ ಮತ್ತೆ ಒಟ್ಟಿಗೆ ನಿಂತರು, 24 ವರ್ಷದ ನಂತರ. ನಾಲ್ಕೈದು ಹಾಡು. ಮೂರು ವರ್ಷದಲ್ಲಿ ಕೀಬೋರ್ಡಿನವನು ತೀರಿಹೋದ.

ಗಣಪತಿ ಹಬ್ಬಕ್ಕೆ ಬಾರಿಸುವ ಯೋಚನೆ ಇದ್ದರೆ ಇನ್ನೊಂದು. ಲೌಡ್‌ಸ್ಪೀಕರ್ ರಾತ್ರಿ 10ಕ್ಕೆ ಬಂದ್. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ 12ರ ತನಕ ಸಡಿಲಿಸಬಹುದು. ಆ ದಿನ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ನಿಮ್ಮ ಕಾಲದ ಹಾಗೆ ಬೆಳಗಿನ ಜಾವದ ತನಕ ನಡೆಯುವುದಿಲ್ಲ.

ಮೂರನೇ ಸೆಮ್ | ಬೆಳಗಾವಿ | ಬೆಳಗ್ಗೆ 11:02

ಅಣ್ಣಾ, ನಾನು ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದೇನೆ, ನಮ್ಮದೂ ಒಂದು ಬ್ಯಾಂಡ್ ಇದೆ. ಶುರುವಾಗಿ ಏಳು ತಿಂಗಳು, ಒಡೆದಿದ್ದು ಎರಡು ಸಲ. ವಾಟ್ಸ್‌ಆ್ಯಪ್ ಗ್ರೂಪ್ ಬಿಟ್ಟು ಹೋದರೆ ಒಡೆದ ಹಾಗೆ, ಮತ್ತೆ ಸೇರಿಸಿದರೆ ಕೂಡಿದ ಹಾಗೆ. ನಿಮ್ಮ 19 ವರ್ಷ ಓದಿ ತಲೆ ತಿರುಗಿತು.

ಎರಡು ಪ್ರಶ್ನೆ. ನೀವು ಕನ್ನಡಕ್ಕೆ ಬಂದಾಗ ಬೈದವರು ಇರಲಿಲ್ಲವಾ? ನಾವು ಇಂಗ್ಲಿಷ್ ಹಾಡಿದರೆ ಸ್ಟೈಲ್ ಹೊಡೀತಾರೆ ಅಂತಾರೆ, ಕನ್ನಡ ಹಾಡಿದರೆ ಇದು ರಾಕ್ ಅಲ್ಲ ಅಂತಾರೆ, ಮರಾಠಿ ಹಾಡಿದರೆ ಅದರ ಕಥೆಯೇ ಬೇರೆ. ರಘು ದೀಕ್ಷಿತ್ ಷರೀಫರ ಪದ ಹಾಡಿ ಜಗತ್ತು ಸುತ್ತಿದ ಮೇಲೂ ಇದೇ ಮಾತು. ಎರಡನೆಯದು, ಆ ಸಿಡಿ ನನಗೆ ಒಂದು ಬೇಕು. ನಮ್ಮ ಯಾರ ಹತ್ತಿರವೂ ಸಿಡಿ ಪ್ಲೇಯರ್ ಇಲ್ಲ. ಆದರೂ ಬೇಕು.

ಮೂರನೇ ಗೇಟ್ | ಮಧ್ಯಾಹ್ನ 1:15

ತಮ್ಮಾ, ಬೈದವರು ನಮ್ಮೊಳಗೇ ಇದ್ದರು. ಕೀಬೋರ್ಡಿನವನು ಆರು ತಿಂಗಳು "ಇದು ಆರ್ಕೆಸ್ಟ್ರಾ ಆಯ್ತಲ್ಲೋ" ಅಂತ ಗೊಣಗಿದ್ದ. ಜನ ಮಾತ್ರ ನಮ್ಮೂರಲ್ಲಿ ಮೂರು ಭಾಷೆಯಲ್ಲೂ ಚಪ್ಪಾಳೆ ಹೊಡೆಯುತ್ತಾರೆ, ಜಗಳ ಮಾಡುವವರು ಬೇರೆ ಕಡೆ ಇರುತ್ತಾರೆ. ಸಿಡಿ ಎರಡು ಒಯ್ಯಿ.

ಕಾಕಾ, ನಿಮ್ಮ ಮಾತು ಹಾಡುಗಾರನಿಗೆ ಓದಿ ಹೇಳಿದೆ. ಅಂಕಿತದ ಮಾತು ಬಂದಾಗ ಸುಮ್ಮನಾದ. ಆಮೇಲೆ, "ಅವತ್ತು ಪ್ರೆಸ್ಸಿನವ ಫೋನ್ ಮಾಡಿ ಏನು ಹಾಕಲಿ ಅಂದ, ನಾ ಒಬ್ಬನ ಇದ್ದೆ, ನನ್ನ ಹೆಸರು ಹೇಳಿಬಿಟ್ಟೆ" ಅಂದ. ಕೆಟ್ಟ ಉದ್ದೇಶ ಇತ್ತೋ ಇಲ್ಲವೋ ನನಗೆ ಈಗಲೂ ತಿಳಿಯುತ್ತಿಲ್ಲ. ಬಹುಶಃ ಅವನಿಗೂ ತಿಳಿಯುತ್ತಿಲ್ಲ.

ನಿನ್ನೆ ಮಧ್ಯಾಹ್ನ ಅವನ ಮನೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಒಮ್ಮೆ ನೋಡಿದ್ದೆವು. ಕರಿ ಎರಡು ಈಗ ಅವನಿಗೆ ಆಗುವುದಿಲ್ಲ. ಮೇಲಿನ ಸಾಲಿಗೆ ಹೋಗುವಷ್ಟರಲ್ಲಿ ಕುತ್ತಿಗೆಯ ನರ ಎದ್ದು ಬರುತ್ತವೆ. ಬಿಳಿ ಎರಡೂ ಕಷ್ಟ. ಬಿಳಿ ಒಂದರಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಅವನಿಗೆ ಒಪ್ಪಿಗೆ ಇಲ್ಲ, ಮುದುಕರ ಹಾಡಿನ ಹಾಗೆ ಕೇಳುತ್ತದೆ ಅಂತಾನೆ.

ಕೆರೂರ ಕಾಕಾ | ಮಧ್ಯಾಹ್ನ 2:40

ಅವನಿಗೆ ಹೇಳು. ನಿಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಹುಡುಗನಿದ್ದಾಗಲೇ ದೊಡ್ಡ ದೊಡ್ಡವರನ್ನು ಬೆರಗು ಮಾಡಿದವರು. ಆಮೇಲೆ ಕ್ಷಯ ಬಂತು, ಒಂದು ಪುಪ್ಪುಸ ಹೋಯಿತು, ವರ್ಷಗಟ್ಟಲೆ ಹಾಡಬಾರದು ಅಂದರು ಡಾಕ್ಟರು. ದೇವಾಸದಲ್ಲಿ ಹಾಸಿಗೆ ಹಿಡಿದು ಹೊರಗಿನ ಜನಪದ ಹಾಡು ಕೇಳುತ್ತ ಮಲಗಿದರು. ಎದ್ದು ಬಂದು ಮೊದಲಿನ ಹಾಗೆ ಹಾಡಿದರೇನು? ಇಲ್ಲ. ಉಸಿರು ಎಷ್ಟಿದೆಯೋ ಅಷ್ಟಕ್ಕೆ ತಾನಗಳನ್ನು (ವೇಗದ ಸ್ವರಸಾಲುಗಳನ್ನು) ಕತ್ತರಿಸಿ, ತುಂಡು ತುಂಡಾಗಿ ಎಸೆದರು. ಜನ ಈಗಲೂ ಅದನ್ನೇ ನೆನೆಸುತ್ತಾರೆ.

ನಿಮ್ಮವನಿಗೆ ಎರಡೂ ಪುಪ್ಪುಸ ಇವೆಯಲ್ಲ. ಬಿಳಿ ಒಂದಕ್ಕೆ ಯಾಕೆ ಅಳುತ್ತಾನೆ?

ಗುಮ್ಮಟದ ಪ್ರತಿಧ್ವನಿ | ಸಂಜೆ 5:10

ಕಾಕಾ ಮುಂದೆ ನಾನು ಮಾತಾಡುವುದಿಲ್ಲ. ಆದರೂ ಒಂದು ಹೇಳಿಬಿಡುತ್ತೇನೆ. ನೀವೆಲ್ಲ ಸ್ವರ, ಹಕ್ಕು, ಡಯೋಡ್ ಅಂತ ಮಾತಾಡುತ್ತಿದ್ದೀರಿ. ರಾತ್ರಿ ಎರಡಕ್ಕೆ ಯರಗಟ್ಟಿಯಲ್ಲಿ ಬಿಟ್ಟು ಬಂದ ಆ ಮನುಷ್ಯನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಾನು ಅವನ ಜಾಗದಲ್ಲಿದ್ದರೆ ಚಾವಿಯನ್ನೂ ಕೊಡುತ್ತಿರಲಿಲ್ಲ.

ಬೆಲ್ಲದ ಇರುವೆ | ಹೊಸ ಸದಸ್ಯ | ರಾತ್ರಿ 9:48

ಯರಗಟ್ಟಿ ಅಲ್ಲ. ಲೋಕಾಪುರ.

ಐದು ಗಂಟೆ ಬಸ್ಸೂ ಅಲ್ಲ. ಅದು ನಿಲ್ಲಿಸಲಿಲ್ಲ, ಆರೂವರೆಯದಕ್ಕೆ ಬಂದೆ. ಕಂಡಕ್ಟರ್ ಚಾದರ ಬಿಚ್ಚಿಸಿ ನೋಡಿ, "ಏನಿವು, ಪರಾತ?" ಅಂತ ಕೇಳಿ ಲಗೇಜ್ ಟಿಕೆಟ್ ಹರಿದ. ಎರಡು ಪರಾತಕ್ಕೆ.

ಟೆಂಪೋ ಬಾಡಿಗೆ ಕೊಡುವುದಿಲ್ಲ ಅಂತ ನಾನು ಹೇಳಿದ್ದು ನಿಜ. ಅಪ್ಪ ಆ ವಾರವೇ ನನ್ನನ್ನು ಕರೆದು, ಗೋದಾಮು ಬ್ಯಾಂಕಿನಲ್ಲಿ ಒತ್ತೆ ಇದೆ, ಮುಂದಿನ ತಿಂಗಳಿಂದ ಅಂಗಡಿಗೆ ಬಾ ಅಂದಿದ್ದರು. ನಿಮಗೆ ಹೇಳಿರಲಿಲ್ಲ. ಬ್ಯಾಂಡ್ ಬಿಡಬೇಕು ಅಂತ ಹೇಗೆ ಹೇಳುವುದು ಅಂತ ಬಾಗಲಕೋಟೆಯಿಂದ ಯೋಚನೆ ಮಾಡುತ್ತ ಬಂದಿದ್ದೆ. ಜಗಳ ಆಯಿತು, ಹೇಳುವ ಕೆಲಸ ತಪ್ಪಿತು. ಬೇಸ್‌ನವನೇ, ನೀನು "ಹತ್ತೋ" ಅಂದಿದ್ದರೂ ನಾನು ಹತ್ತುತ್ತಿರಲಿಲ್ಲ. ಆದರೆ ಅನ್ನಬೇಕಾಗಿತ್ತು.

ಗುಮ್ಮಟದವರೇ, ಚಾವಿ ಕೊಟ್ಟಿದ್ದು ದೊಡ್ಡ ಮನಸ್ಸಿಂದಲ್ಲ. ಮುಂದಿನ ವರ್ಷ ಗೋದಾಮು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತಿದ್ದೇವೆ. ಡ್ರಮ್ ಸೆಟ್ ಅಲ್ಲೇ ಮೂಲೆಯಲ್ಲಿದೆ, ಚರ್ಮ ಇಲಿ ತಿಂದಿದೆ.

ಮೂರನೇ ಗೇಟ್ | ರಾತ್ರಿ 10:03

ಲೋಕಾಪುರವಾ? 19 ವರ್ಷ ನಾನು ಬಸ್ಸಿನಲ್ಲಿ ಯರಗಟ್ಟಿ ದಾಟುವಾಗಲೆಲ್ಲ ಆ ಢಾಬಾ ಹುಡುಕಿದ್ದೇನೆ ಮಾರಾಯಾ.

ಚರ್ಮ ಹುಬ್ಬಳ್ಳಿಯಿಂದ ನಾನು ತರುತ್ತೇನೆ. ಸೈಜ್ ಹೇಳು.

ಬೆಲ್ಲದ ಇರುವೆ | ರಾತ್ರಿ 10:20

ಸ್ನೇರ್ 14 ಇಂಚು, ಕಿಕ್ 22 ಇಂಚು. ಟಾಮ್‌ನವು ಇನ್ನೂ ನಡೆಯುತ್ತವೆ. ಬಿಲ್ ತಾ, ಐದು ಪಾಲು ಮಾಡೋಣ. ಈ ಸಲ ಬರೆದಿಡೋಣ, ಕೋರ್ಟ್ ಕಟ್ಟೆಯವರು ಹೇಳಿದ ಹಾಗೆ.

ಹಾಡುಗಾರನಿಗೆ ಹೇಳು, ಬಿಳಿ ಒಂದೇ ಇರಲಿ. ವೇಗವನ್ನೂ ನಾನು ಸ್ವಲ್ಪ ಇಳಿಸುತ್ತೇನೆ. ಅವನಿಗೋಸ್ಕರ ಅಲ್ಲ, ನನ್ನ ಮೊಣಕಾಲು ನೋಯುತ್ತದೆ.

ಕ್ಯಾಂಪ್ ಕೀಬೋರ್ಡ್ | ರಾತ್ರಿ 10:31

ಬೆಂಗಳೂರಿನವರಿಗೆ ರಜೆ ಸಿಗದಿದ್ದರೆ ಕೀಬೋರ್ಡಿಗೆ ನಾನಿದ್ದೇನೆ. ಈಗ ಏಳಕ್ಕೆ ಯಾರೂ ನನ್ನನ್ನು ಮನೆಗೆ ಕರೆಯುವುದಿಲ್ಲ.

ಬೆಲ್ಲದ ಇರುವೆ | ರಾತ್ರಿ 10:34

ಬನ್ನಿ ಅಕ್ಕಾ. ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಶಟರ್ ತೆಗೆಯುತ್ತೇನೆ. ಮೂರನೇ ಗೇಟ್, ಗಿಟಾರಿನವ ಪೆಡಲ್ ರಿಪೇರಿ ಮಾಡಿಸಿಕೊಂಡು ಬಸ್ ಹತ್ತುತ್ತಾನಂತೆ, ಈಗ ಫೋನ್ ಮಾಡಿದ್ದ. ನೀನು ಆ ಅಡಾಪ್ಟರ್ ತಾ. ಅಟ್ಟದಿಂದ ಇಳಿಸಿದ ಮೇಲೆ ಒಳಗೆ ಮೈನಸ್ ಇದೆಯಾ ಅಂತ ನೋಡಿಕೊಂಡು ತಾ.